ಗಟ್ಟಿ, ಗಡಸು, ಹದ: ನಮ್ಮ ನೆಲದ ಕೆಲವು ಮಾತುಗಳು

(ತರೀಕೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಊರಿನ ಆಸಕ್ತರ ಮುಂದೆ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹ ರೂಪ)



ನನ್ನನ್ನು ಇಲ್ಲಿಗೆ ಕರೆದವರು ಪತ್ರಿಕೆ ಮತ್ತು ಭಾಷೆಯ ಬಗ್ಗೆ ಮಾತನಾಡಿ ಎಂದಿದ್ದರು. ಅದು ದೊಡ್ಡ ವಿಷಯ. ನಾನು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ಕೆಲವೇ ವರ್ಷ. ಭಾಷಾಶಾಸ್ತ್ರ ಓದಿದವರು ಈ ಸಭೆಯಲ್ಲೇ ಇದ್ದಾರೆ. ಆದ್ದರಿಂದ ಭಾಷೆಯ ಸಾಗರಕ್ಕೆ ಇಳಿಯುವ ಸಾಹಸ ಮಾಡದೆ, ಒಂದೇ ಒಂದು ಗುಣವನ್ನು ಹೇಳುವ ಕೆಲವು ಪದಗಳನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ. ಆ ಗುಣ ಗಟ್ಟಿತನ.

ಈ ವಿಷಯವೇ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಒಂದು ಕಾರಣವಿದೆ. ಒಂದು ಬೇಸಿಗೆಯಲ್ಲಿ ಕಡೂರು ತಾಲ್ಲೂಕಿನ ಒಂದು ಹಳ್ಳಿಯ ಗ್ರಾಮಸಭೆಗೆ ವರದಿಗೆಂದು ಹೋಗಿದ್ದೆ. ಕುಡಿಯುವ ನೀರಿನ ಚರ್ಚೆ ನಡೆದಿತ್ತು. ಅಧಿಕಾರಿಯೊಬ್ಬರು ಕಾಗದ ಹಿಡಿದು, ಕೊಳವೆಬಾವಿಯ ನೀರಿನ 'ಗಡಸುತನ' ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಓದಿದರು. ಸಭೆ ಸುಮ್ಮನಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಮೆಲ್ಲಗೆ, "ನೀರು ಹೆಂಗೆ ಗಡ್ಸಾಗುತ್ತೆ ಸ್ವಾಮಿ? ನೀರು ನೀರೇ ಅಲ್ವಾ? ಈ ನೀರ್ನಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಅದಕ್ಕೇನು ಮಾಡ್ತೀರಿ ಹೇಳಿ" ಎಂದರು. ವೇದಿಕೆಯ ಮೇಲಿದ್ದವರಿಗೆ ಕೇಳಿಸಲಿಲ್ಲ. "ಸ್ವಲ್ಪ ಗಟ್ಟಿಯಾಗಿ ಹೇಳಮ್ಮ" ಎಂದರು ಯಾರೋ.

ಇಬ್ಬರೂ ಹೇಳುತ್ತಿದ್ದುದು ಒಂದೇ ಸಂಗತಿ. ಆದರೆ ಅಧಿಕಾರಿಯ ಮಾತು ಅಜ್ಜಿಗೆ ತಲುಪಲಿಲ್ಲ, ಅಜ್ಜಿಯ ಮಾತು ಅಧಿಕಾರಿಗೆ ಕೇಳಿಸಲಿಲ್ಲ. ನೀರು ಗಡಸು, ಮಾತು ಗಟ್ಟಿ. ಈ ಎರಡು ಪದಗಳು ಅಂದಿನಿಂದ ನನ್ನ ತಲೆಯಲ್ಲಿ ಉಳಿದವು. ಮನೆಗೆ ಬಂದು ನಿಘಂಟು ತೆಗೆದೆ.

ಒಂದು 'ಗಟ್ಟಿ', ಹಲವು ಅರ್ಥ

ಮೊದಲು 'ಗಟ್ಟಿ'ಯನ್ನೇ ನೋಡೋಣ. ಕಲ್ಲು ಗಟ್ಟಿ, ರೊಟ್ಟಿ ಗಟ್ಟಿ, ಇದು ಸರಿಯೇ. ಆದರೆ ಗಟ್ಟಿ ಮಜ್ಜಿಗೆ ಎಂದರೆ ಕಚ್ಚಿ ತಿನ್ನುವ ಮಜ್ಜಿಗೆಯಲ್ಲ, ನೀರು ಬೆರೆಸದ್ದು. ಗಟ್ಟಿಯಾಗಿ ಓದು ಎಂದರೆ ಜೋರಾಗಿ ಓದು. ತಾಳಿ ಕಟ್ಟುವಾಗ ಗಟ್ಟಿಮೇಳ. ಚಿನ್ನದ ಗಟ್ಟಿ ಎಂದರೆ ಒಡವೆ ಮಾಡದ ಚಿನ್ನ. ಸಂಬಂಧ ಗಟ್ಟಿಯಾಯಿತು ಎಂದರೆ ಮದುವೆ ನಿಶ್ಚಯವಾಯಿತು. ಎಂಬತ್ತು ದಾಟಿದರೂ ಅಜ್ಜ ಗಟ್ಟಿಯಾಗಿದ್ದಾರೆ ಎಂದರೆ ಆರೋಗ್ಯವಾಗಿದ್ದಾರೆ. ಒಬ್ಬಳೇ ಸಂಸಾರ ನಿಭಾಯಿಸಿದವಳು ಗಟ್ಟಿಗಿತ್ತಿ. ನಮ್ಮ ಕಚೇರಿಯಲ್ಲಿ ಹಿರಿಯರು ದಿನವೂ ಕೇಳುವ ಪ್ರಶ್ನೆ, "ಸುದ್ದಿ ಗಟ್ಟಿ ತಾನೆ?" ಅಂದರೆ, ಖಚಿತವೇ, ನಾಳೆ ತಿದ್ದುಪಡಿ ಹಾಕಬೇಕಾಗುವುದಿಲ್ಲವಷ್ಟೆ?

ಇಷ್ಟು ಅರ್ಥ ಒಂದೇ ಪದಕ್ಕೆ ಹೇಗೆ ಬಂತು? ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಪದಗಳನ್ನು ಹೋಲಿಸಿ 1961ರಲ್ಲಿ ಒಂದು ವ್ಯುತ್ಪತ್ತಿ ಕೋಶ ಪ್ರಕಟಿಸಿದರು. ಅದರ ಪರಿಷ್ಕೃತ ಆವೃತ್ತಿ 1984ರಲ್ಲಿ ಬಂತು. ಅದರಲ್ಲಿ ನಮ್ಮ 'ಗಟ್ಟಿ'ಯ ಪಕ್ಕದಲ್ಲಿ ತಮಿಳಿನ 'ಕಟ್ಟಿ' ಇದೆ. ತಮಿಳಿನಲ್ಲಿ ಕಟ್ಟಿ ಎಂದರೆ ಹೆಂಟೆ, ಉಂಡೆ, ಹೆಪ್ಪುಗಟ್ಟಿದ್ದು. ಅಂದರೆ ಈ ಪದದ ಒಳಗಿರುವ ಚಿತ್ರ ಕಲ್ಲಿನದಲ್ಲ. ಚದುರಿದ್ದು, ಹರಿಯುವುದು ಒಂದೆಡೆ ಕೂಡಿಕೊಂಡು ಮುದ್ದೆಯಾಗುವುದರ ಚಿತ್ರ ಅದು. ಈ ದೃಷ್ಟಿಯಿಂದ ನೋಡಿದರೆ ಮಜ್ಜಿಗೆ, ಚಿನ್ನ, ದನಿ, ಸಂಬಂಧ, ಸುದ್ದಿ ಎಲ್ಲಕ್ಕೂ ಗಟ್ಟಿ ಏಕೆ ಹೊಂದುತ್ತದೆ ಎಂಬುದು ತಿಳಿಯುತ್ತದೆ. ನೀರಾಗಿ ಹರಿದುಹೋಗದೆ ಒಟ್ಟಾಗಿ ನಿಂತದ್ದು ಗಟ್ಟಿ.

ಗಟ್ಟಿಯಾಗುವ ಕ್ರಿಯೆಗೆ ನಾವು ಬಳಸುವ ಮಾತನ್ನೂ ಗಮನಿಸಿ. ಹಾಲು ಹೆಪ್ಪುಗಟ್ಟುತ್ತದೆ, ಕೆನೆಗಟ್ಟುತ್ತದೆ. ಗಾಯದ ರಕ್ತ ಕರಣೆಗಟ್ಟುತ್ತದೆ. ಅಂಗೈ ಜಡ್ಡುಗಟ್ಟುತ್ತದೆ. ಎಲ್ಲ ಕಡೆಯೂ 'ಕಟ್ಟು'. ಕೋಶದಲ್ಲಿ ಕಟ್ಟು ಮತ್ತು ಗಟ್ಟಿ ಬೇರೆ ಬೇರೆ ನಮೂದುಗಳು, ಎರಡೂ ಒಂದೇ ಎಂದು ಹೇಳಲು ಬರುವುದಿಲ್ಲ. ಆದರೆ ಬಳಕೆಯಲ್ಲಿ ಕನ್ನಡಿಗ ಎರಡನ್ನೂ ಅಕ್ಕಪಕ್ಕದಲ್ಲೇ ಕೂರಿಸಿದ್ದಾನೆ.

ಗಡಸು, ಕಡು, ಕಡಸು

ಈಗ ಅಧಿಕಾರಿಯ ಪದಕ್ಕೆ ಬರೋಣ. 'ಗಡಸು' ಪದದ ನೆಂಟ 'ಕಡು'. ಕಡುಬಡವ, ಕಡುಕಷ್ಟ, ಕಡುವೈರಿ, ಕಡುನೀಲಿ ಎನ್ನುತ್ತೇವಲ್ಲ, ಅದೇ ಕಡು. ತೀವ್ರ, ಉಗ್ರ, ಅತಿಯಾದದ್ದು ಎಂಬುದು ಅದರ ಅರ್ಥ. ಆದ್ದರಿಂದ ಗಡಸು ಎಂದಾಗ ಗಟ್ಟಿಯಲ್ಲಿರುವ ಮೆಚ್ಚುಗೆ ಇರುವುದಿಲ್ಲ, ಸ್ವಲ್ಪ ಒರಟುತನ ಸೇರಿಕೊಳ್ಳುತ್ತದೆ. ಗಟ್ಟಿ ದನಿ ಎಂದರೆ ಎಲ್ಲರಿಗೂ ಕೇಳಿಸುವ ದನಿ, ಗಡಸು ದನಿ ಎಂದರೆ ಯಾರಿಗೂ ಹಿಡಿಸದ ದನಿ. ಗಟ್ಟಿ ಮನಸ್ಸು ಬೇಕು ಎನ್ನುತ್ತೇವೆ, ಗಡಸು ಮನಸ್ಸು ಬೇಕು ಎಂದು ಯಾರೂ ಹೇಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಪದಗಳ ಮೂಲ ಹುಡುಕುವಾಗ ಕಿವಿಯನ್ನು ಪೂರ್ತಿ ನಂಬಬಾರದು. ಇನ್ನೂ ಕರು ಹಾಕದ ಹರೆಯದ ಹಸುವಿಗೆ 'ಕಡಸು' ಎನ್ನುತ್ತಾರೆ. ದನಗಳಿಗೆ ಹೆಸರಾದ ಅಜ್ಜಂಪುರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೇಳಲು ಗಡಸಿನಂತೆಯೇ ಇದೆ. ಆದರೆ ಕಡಸಿನ ಬಳಗವೇ ಬೇರೆ. ಹಾಗೆಯೇ ಕಡೂರು ಎಂಬ ಹೆಸರು ಕಡು ಮತ್ತು ಊರು ಸೇರಿ ಆಯಿತು ಎಂದು ಹೇಳಿಬಿಡುವುದು ಸುಲಭ. ಬಿಸಿಲಿನ ತಾಪ ಕಂಡವರು ತಲೆಯನ್ನೂ ಆಡಿಸಿಯಾರು! ಊರಿನ ಹೆಸರಿಗೆ ಮೂಲ ಹೇಳಬೇಕಾದರೆ ಹಳೆಯ ಶಾಸನಗಳಲ್ಲಿ ಆ ಹೆಸರು ಯಾವ ರೂಪದಲ್ಲಿದೆ ಎಂದು ನೋಡಬೇಕು. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕ'ದ ಆರನೆಯ ಸಂಪುಟವನ್ನು ಇಡಿಯಾಗಿ ಈ ಜಿಲ್ಲೆಯ ಶಾಸನಗಳಿಗೇ ಮೀಸಲಿಟ್ಟು 1901ರಲ್ಲಿ ಹೊರತಂದರು. ಆಗ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. 1947ರಲ್ಲಿ ಅದು ಚಿಕ್ಕಮಗಳೂರು ಜಿಲ್ಲೆಯಾಯಿತು.

ಗಡಸು ನೀರು ಎಂಬುದು ಇಂಗ್ಲಿಷಿನಿಂದ ಅನುವಾದವಾಗಿ ಪಠ್ಯಪುಸ್ತಕಕ್ಕೆ ಬಂದ ಮಾತು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಹೆಚ್ಚಾಗಿದ್ದರೆ ಅದು ಗಡಸು. ಸೋಪು ಆ ಲವಣಗಳ ಜೊತೆ ಸೇರಿ ಜಿಗುಟಾದ ಗಸಿಯಾಗುವುದರಿಂದ ನೊರೆ ಬರುವುದಿಲ್ಲ. ಬೇಳೆಯ ಕಣಗಳನ್ನು ಅಂಟಿಸಿರುವ ಪೆಕ್ಟಿನ್ ಎಂಬ ವಸ್ತುವಿನೊಂದಿಗೆ ಕ್ಯಾಲ್ಸಿಯಂ ಸೇರಿ ಅದನ್ನು ಮತ್ತಷ್ಟು ಬಿಗಿಯಾಗಿಸುವುದರಿಂದ ಬೇಳೆ ಬೇಯುವುದಿಲ್ಲ. ಅಂದರೆ ಅಜ್ಜಿ ಹೇಳಿದ ಎರಡೂ ಲಕ್ಷಣಗಳು ಪ್ರಯೋಗಾಲಯದ ಮಾತಿಗೆ ಸಮನಾದವೇ. ನೀರು ಗಡಸಾಗಿರಲಿಲ್ಲ, ಅದು ತಾಗಿದ್ದೆಲ್ಲ ಗಡಸಾಗುತ್ತಿತ್ತು. ಅಜ್ಜಿಯ ಪ್ರಶ್ನೆ ಸರಿಯಾಗಿಯೇ ಇತ್ತು.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂವರೆಗೆ ಇರಬಹುದು. ಬೇರೆ ಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಅವಕಾಶವಿದೆ. ಇನ್ನೊಂದು ಸಂಗತಿಯನ್ನು ಮರೆಯಬಾರದು. ಗಡಸು ಬೇರೆ, ಫ್ಲೋರೈಡ್ ಬೇರೆ. ನೀರನ್ನು ಕುದಿಸಿದರೆ ಗಡಸುತನದ ಒಂದು ಭಾಗ ಪಾತ್ರೆಯ ತಳದಲ್ಲಿ ಬಿಳಿಯ ಪೊರೆಯಾಗಿ ಕೂರುತ್ತದೆ. ಫ್ಲೋರೈಡ್ ಹಾಗೆ ಹೋಗುವುದಿಲ್ಲ. ಅದರ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಿದ್ದರೆ 1.5. ಅದು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಮೂಳೆ ಕೀಲುಗಳು ಸೆಟೆದುಕೊಳ್ಳುತ್ತವೆ. 'ಕುದಿಸಿ ಕುಡಿಯುತ್ತೇವೆ, ಭಯವಿಲ್ಲ' ಎಂದು ನನಗೆ ಹೇಳಿದವರಿದ್ದಾರೆ. ಒಂದು ಪದ ಸರಿಯಾಗಿ ಮುಟ್ಟದಿದ್ದರೆ ಎಷ್ಟು ನಷ್ಟವಾಗಬಹುದು ನೋಡಿ.

ಬಲಿತದ್ದರ ಬೆಲೆ

ಮೂರನೆಯ ಪದ 'ಬಲಿ'. ದೇವರಿಗೆ ಕೊಡುವ ಬಲಿಯಲ್ಲ, ಕಾಯಿ ಬಲಿಯುವ ಬಲಿ. ತಮಿಳಿನಲ್ಲಿ ಇದು 'ವಲಿ'. ಅಲ್ಲಿನ ವಕಾರ ನಮ್ಮಲ್ಲಿ ಬಕಾರವಾಗುವುದು ರೂಢಿ. ಅವರ ವಿಲ್ ನಮಗೆ ಬಿಲ್ಲು, ಅವರ ವಾ ನಮಗೆ ಬಾ. ಬಲಿಯುವುದೆಂದರೆ ಕಾಲಕ್ರಮದಲ್ಲಿ ಗಟ್ಟಿಯಾಗುವುದು. ಹೊಡೆದು ಬಡಿದು ಮಾಡುವ ಕೆಲಸವಲ್ಲ ಅದು. ಒಳಗಿನಿಂದ ತಾನಾಗಿ ಆಗಬೇಕು.

ಕಡೂರಿನ ತೆಂಗಿನ ತೋಟಕ್ಕೆ ಹೋದರೆ ಈ ಪದದ ಅರ್ಥ ಮರದಲ್ಲೇ ತೂಗುತ್ತಿರುತ್ತದೆ. ಸುಮಾರು ಏಳು ತಿಂಗಳಿಗೆ ಎಳನೀರು, ಒಳಗೆ ತೆಳ್ಳನೆಯ ಗಂಜಿ. ಹನ್ನೊಂದು ಹನ್ನೆರಡು ತಿಂಗಳಿಗೆ ಬಲಿತ ಕಾಯಿ. ಆಮೇಲೆ ಸಿಪ್ಪೆ ಸಮೇತ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಅಲ್ಲಾಡಿಸಿದರೆ ಸದ್ದಾಗುವ ಕೊಬ್ಬರಿ ಗಿಟುಕು. ಕಾಯಿ ಅದೇ, ಗಟ್ಟಿಯಾಗುತ್ತ ಹೋದಂತೆ ಹೆಸರು ಬದಲು, ಮಾರುಕಟ್ಟೆ ಬದಲು, ಕೊಳ್ಳುವವರು ಬದಲು.

ತರೀಕೆರೆಯ ಕಡೆ ಬಂದರೆ ಅಡಿಕೆ. ಇಲ್ಲಿ ಲೆಕ್ಕ ತಿರುಗಾಮುರುಗಾ. ಎಳೆಯ ಕಾಯಿಯಿಂದ ಮಾಡಿದ ಸರಕಿಗೆ ಹೆಚ್ಚಿನ ಬೆಲೆ. ರಾಶಿ, ಬೆಟ್ಟೆ ಅದರ ಅನಂತರದವು. ಬಲಿತು ಮುಂದೆ ಹೋದ ಕಾಯಿಯ ಗೊರಬಲು ಕಡಿಮೆ ದರಕ್ಕೆ ಹೋಗುತ್ತದೆ. ಕೊನೆ ಇಳಿಸುವುದು ಹದಿನೈದು ದಿನ ತಡವಾದರೆ ಕಾಯಿ ಬಲಿಯುತ್ತದೆ, ದರ ಇಳಿಯುತ್ತದೆ. ಕೊನೆಗಾರ ಸಿಗದೆ ಚಡಪಡಿಸುವ ತೋಟದ ಯಜಮಾನರಿಗೆ ಬಲಿಯುವುದು ಎಂದರೇನು ಎಂದು ಯಾವ ನಿಘಂಟೂ ಹೇಳಬೇಕಾಗಿಲ್ಲ. ಒಂದೇ ಜಿಲ್ಲೆಯಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಒಬ್ಬ ರೈತನಿಗೆ ಬಲಿತದ್ದು ಲಾಭ, ಇನ್ನೊಬ್ಬನಿಗೆ ಅದೇ ನಷ್ಟ. ಗಟ್ಟಿತನ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ಬಳಪವೂ ಕಲ್ಲೇ

ಗಟ್ಟಿತನಕ್ಕೆ ಎಲ್ಲರಿಗೂ ಮೊದಲು ನೆನಪಾಗುವ ಹೋಲಿಕೆ ಕಲ್ಲು. ಕರಗದ ಮನಸ್ಸು ಕಲ್ಲೆದೆ. ಕಗ್ಗಲ್ಲು ಎಂದರೆ ಅತಿ ಗಟ್ಟಿ ಕಲ್ಲು ಎಂದು ಈಗ ಅರ್ಥ ಮಾಡುತ್ತೇವೆ. ಮೂಲದಲ್ಲಿ ಅದು ಕರಿಯ ಕಲ್ಲು. ಕರ್ ಮತ್ತು ಕಲ್ ಸೇರಿ ಕರ್ಗಲ್, ಅದು ಕಗ್ಗಲ್. ಬಣ್ಣ ಹೇಳುತ್ತಿದ್ದ ಪದ ಗುಣ ಹೇಳತೊಡಗಿತು. ಇನ್ನೊಂದು ತಮಾಷೆಯೆಂದರೆ, ಕಲ್ಲು ಎಂದು ನಾವು ಕರೆಯುವ ಕೆಲವು ವಸ್ತುಗಳು ನೋಡನೋಡುತ್ತ ಕರಗಿಹೋಗುವಂಥವು: ಕಲ್ಲುಸಕ್ಕರೆ, ಕಲ್ಲುಪ್ಪು, ಆಲಿಕಲ್ಲು!

ಕಲ್ಲಿನಲ್ಲೂ ಮೆದುಗಲ್ಲು ಉಂಟು. 1812ರಲ್ಲಿ ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ, ಯಾವ ಖನಿಜ ಯಾವುದನ್ನು ಗೀರಬಲ್ಲದು ಎಂಬುದರ ಮೇಲೆ ಹತ್ತು ಮೆಟ್ಟಿಲಿನ ಒಂದು ಅಳತೆ ಮಾಡಿದ. ಹತ್ತನೆಯ ಮೆಟ್ಟಿಲಲ್ಲಿ ವಜ್ರ. ಮೊದಲ ಮೆಟ್ಟಿಲಲ್ಲಿ, ಉಗುರಿನಿಂದಲೂ ಗೀರಬಹುದಾದ ಟಾಲ್ಕ್. ನಮ್ಮ ಬಳಪದ ಕಲ್ಲಿನಲ್ಲಿರುವುದು ಇಂಥದೇ ಮೆದು ಖನಿಜ. ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪ ನೆನಪಿದೆಯಲ್ಲವೆ?

ಈಗ ಇಲ್ಲೇ ಹತ್ತಿರದ ಅಮೃತಾಪುರಕ್ಕೆ ಹೋಗಿಬನ್ನಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ಕಂಬಗಳ ಹೊಳಪು, ಹೊರಗೋಡೆಯಲ್ಲಿ ರಾಮಾಯಣ, ಭಾಗವತ, ಮಹಾಭಾರತದ ಕಥೆಗಳನ್ನು ಹೇಳುವ ಚಿಕ್ಕ ಚಿಕ್ಕ ಫಲಕಗಳು, ಎಲ್ಲವೂ ಬಳಪದ ಕಲ್ಲಿನಲ್ಲಿ ಬಿಡಿಸಿದವು. ಹೊಯ್ಸಳರ ಹೆಸರಾಂತ ಶಿಲ್ಪಿ ಮಲ್ಲಿತಮ್ಮನ ಕೆಲಸ ಇಲ್ಲಿಂದಲೇ ಶುರುವಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. ಕವಿಚಕ್ರವರ್ತಿ ಜನ್ನನ ಪದ್ಯಗಳಿರುವ ಶಾಸನವೂ ಅಲ್ಲೇ ನಿಂತಿದೆ.

ಗಣಿಯಿಂದ ಎತ್ತಿದಾಗ ಈ ಕಲ್ಲು ಮೆದು, ಉಳಿ ಸಲೀಸಾಗಿ ಓಡುತ್ತದೆ. ಗಾಳಿಗೆ ಬಿದ್ದು ದಿನ ಕಳೆದಂತೆ ಗಟ್ಟಿಯಾಗುತ್ತದೆ. ಇದೇ ಕಾರಣಕ್ಕೆ ಹೊಯ್ಸಳ ಶಿಲ್ಪಿಗಳು ಅದನ್ನು ಆರಿಸಿಕೊಂಡರು. ಮಲೆನಾಡು, ಕರಾವಳಿಯ ಜಂಬಿಟ್ಟಿಗೆಯ ಗುಣವೂ ಇಂಥದೇ. ನೆಲದಲ್ಲಿರುವಾಗ ಕೊಡಲಿಯಿಂದ ಕತ್ತರಿಸಬಹುದು, ಹೊರಗೆ ಬಂದರೆ ಇಟ್ಟಿಗೆಯಂತಾಗುತ್ತದೆ. 1800-01ರಲ್ಲಿ ಮೈಸೂರು, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದನ್ನು ಕಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ 'ಲೇಟರ್' ಎಂಬ ಪದದಿಂದ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಈಗ ಅದೇ ಹೆಸರು.

ಮೆದುವಾಗಿದ್ದಾಗ ಕೆತ್ತಿಸಿಕೊಂಡು, ಆಮೇಲೆ ಗಟ್ಟಿಯಾಗಿ ಎಂಟುನೂರು ವರ್ಷ ನಿಂತ ಕಲ್ಲು ಅಮೃತಾಪುರದ್ದು. ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ನಾನು ಉಪದೇಶ ಮಾಡುವುದಿಲ್ಲ. ಮೇಷ್ಟರುಗಳು ನಗುತ್ತಿದ್ದಾರೆ, ಅವರಿಗೆ ಅರ್ಥವಾಗಿದೆ.

ಕರಗಿದ್ದೇ ಉಕ್ಕು

ಇನ್ನು ಉಕ್ಕು. ಉಕ್ಕಿನ ಮನುಷ್ಯ, ಉಕ್ಕಿನ ಕೋಟೆ ಎಂದೆಲ್ಲ ಬರೆಯುತ್ತೇವೆ. ಬಗ್ಗದ್ದು ಎಂಬುದೇ ಅದರ ಅರ್ಥ ಎಂದು ತಿಳಿದಿದ್ದೇವೆ. ಆದರೆ ವ್ಯುತ್ಪತ್ತಿ ಕೋಶ ಹೇಳುವುದೇ ಬೇರೆ. ತಮಿಳಿನಲ್ಲಿ 'ಉರುಕು' ಎಂದರೆ ಕರಗು, 'ಉರುಕ್ಕು' ಎಂದರೆ ಕರಗಿಸು. ಅದೇ ಉರುಕ್ಕು ಉಕ್ಕಿನ ಹೆಸರೂ ಹೌದು. ನಮ್ಮ ಹಳಗನ್ನಡದ ಉರ್ಕು, ಇಂದಿನ ಉಕ್ಕು ಅದೇ ಬಳಗದವು. ಗಟ್ಟಿಯಾದ ಲೋಹಕ್ಕೆ ನಮ್ಮ ಹಿರಿಯರು ಇಟ್ಟ ಹೆಸರಿನ ಅರ್ಥ 'ಕರಗಿಸಿದ್ದು'!

ಇದು ಕವಿತ್ವವಲ್ಲ, ಕೆಲಸದ ವಿವರ. ಕಬ್ಬಿಣವನ್ನು ಕಟ್ಟಿಗೆ ಚೂರಿನೊಂದಿಗೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಇಂಗಾಲ ಕಬ್ಬಿಣಕ್ಕೆ ಸೇರಿ, ಒಳಗಿನದು ಕರಗಿ ತಣಿದು ಉಕ್ಕಿನ ಗಟ್ಟಿಯಾಗುತ್ತಿತ್ತು. ಮೈಸೂರು ಸೀಮೆಯಲ್ಲಿ ಈ ಕೆಲಸ ನಡೆಯುತ್ತಿದ್ದುದನ್ನು ಬುಕಾನನ್ ಕಣ್ಣಾರೆ ಕಂಡು ಬರೆದಿದ್ದಾನೆ. ದಕ್ಷಿಣ ಭಾರತದ ಈ ಉಕ್ಕಿನ ಬಗ್ಗೆ 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದ. ಅಲ್ಲಿ ಅದರ ಹೆಸರು 'ವೂಟ್ಸ್'. ನಮ್ಮ ಉಕ್ಕು ಇಂಗ್ಲಿಷಿನವರ ಬಾಯಲ್ಲಿ, ಬರಹದಲ್ಲಿ ತಿರುಚಿಕೊಂಡು ವೂಟ್ಸ್ ಆಯಿತು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ಮೈಕೆಲ್ ಫ್ಯಾರಡೆ ಕೂಡ 1820ರ ಸುಮಾರಿಗೆ ಈ ಉಕ್ಕಿನ ಗುಟ್ಟು ಹುಡುಕಿದವನೇ. ಮುಂದೆ 1923ರಲ್ಲಿ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದಿರು ಹೋದದ್ದು ನಮ್ಮ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ. ಕೆಂಪು ಮಣ್ಣಿನ ಗುಂಡಿ ಎಂಬ ಹೆಸರೇ ಅದಿರಿನ ಗುರುತು ಹೇಳುತ್ತದೆ.

ಉಕ್ಕಿಗಿಂತಲೂ ನನಗೆ ಇಷ್ಟವಾದ ಪದ ಕುಲುಮೆಯಲ್ಲೇ ಸಿಕ್ಕಿತು. ಅದು 'ಹದ'. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಗುತ್ತದೆ. ಪಾಲ್ ಹಾಲಾಯಿತು, ಪಲ್ ಹಲ್ಲಾಯಿತು, ಹಾಗೆಯೇ ಪದ ಹದವಾಯಿತು. ತಮಿಳಿನ 'ಪದಂ'ಗೂ ತಕ್ಕ ಪಾಕ, ಸರಿಯಾದ ಸ್ಥಿತಿ ಎಂಬುದೇ ಅರ್ಥ. ಕಮ್ಮಾರ ಕುಡುಗೋಲನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ಉಕ್ಕು ತಕ್ಷಣ ಗಡಸಾಗುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಬಾಯಿ ಗಾಜಿನಂತೆ ಚಕ್ಕೆ ಏಳುತ್ತದೆ. ಆದ್ದರಿಂದ ಮತ್ತೆ ಸ್ವಲ್ಪ ಕಾಯಿಸಿ, ಬಣ್ಣ ನೋಡಿ, ಗಡಸನ್ನು ಒಂದಿಷ್ಟು ಇಳಿಸುತ್ತಾನೆ. ಅದೇ ಹದ ಹಾಕುವುದು.

ಈ ಒಂದು ಪದದ ವ್ಯಾಪ್ತಿ ನೋಡಿ. ಕಮ್ಮಾರ ಹದ ಹಾಕಿದರೆ ಕಬ್ಬಿಣ ಗಟ್ಟಿಯಾಗುತ್ತದೆ. ತೊಗಲು ಹದ ಮಾಡಿದರೆ ಮೆದುವಾಗುತ್ತದೆ. ಅಜ್ಜಂಪು­ರದ ಎರೆ ಭೂಮಿಯ ರೈತ ಬಿತ್ತನೆಗೆ ಹದಕ್ಕಾಗಿ ಕಾಯುತ್ತಾನೆ. ಮಳೆ ಬಂದ ಮಾರನೆಯ ದಿನ ಇಳಿದರೆ ಮಣ್ಣು ಕಾಲಿಗೆ ಮೆತ್ತುತ್ತದೆ, ನಾಲ್ಕು ದಿನ ತಡೆದರೆ ನೆಲ ಪೆಡಸಾಗಿ ಬಿರುಕು ಬಿಡುತ್ತದೆ. ನಡುವಿನ ಎರಡು ದಿನವೇ ಹದ. ಅಡುಗೆಮನೆಯಲ್ಲಿ ಬೆಲ್ಲದ ಪಾಕಕ್ಕೂ ಹದವುಂಟು. ನೀರಿಗೆ ಬಿಟ್ಟ ಹನಿ ಕರಗಿದರೆ ಎಳೆಪಾಕ, ಉಂಡೆಯಾದರೆ ಸರಿ, ಕಲ್ಲಾದರೆ ಕೆಟ್ಟಿತು. ಗಟ್ಟಿ, ಮೆದು ಎರಡೂ ಹದದ ಆಚೀಚೆಯ ದಡಗಳು. ಎಷ್ಟು ಬೇಕೋ ಅಷ್ಟು ಎಂಬುದನ್ನು ಹೇಳಲು ನಮಗೆ ಎರಡಕ್ಷರ ಸಾಕು.

ಕಠಿಣ, ಕರ್ಕಶ ಮತ್ತು ಹಾರ್ಡ್

ಸಂಸ್ಕೃತದಿಂದ ಬಂದ ಪದಗಳೂ ಇವೆ. ದಿನವೂ ಅವುಗಳ ಸಹವಾಸ ಮಾಡುವವರು ನಾವು ಪತ್ರಿಕೆಯವರು. 'ಕಠಿಣ ಕ್ರಮ ಕೈಗೊಳ್ಳಲಾಗುವುದು' ಎಂಬ ಸಾಲನ್ನು ನಾನು ಎಷ್ಟು ಬಾರಿ ಬರೆದಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ಆ ಕಠಿಣ ಬಹಳ ಮೆತ್ತಗಾಗಿದೆ. ನ್ಯಾಯಾಲಯದಲ್ಲಿ ಮಾತ್ರ ಅದಕ್ಕೆ ಇನ್ನೂ ನಿಖರ ಅರ್ಥವಿದೆ. ಕಠಿಣ ಸಜೆ ಎಂದರೆ ಶ್ರಮದ ದುಡಿಮೆ ಸಹಿತ ಸೆರೆವಾಸ, ಸಾದಾ ಸಜೆಯಲ್ಲಿ ಆ ದುಡಿಮೆಯಿಲ್ಲ. 1860ರ ಭಾರತೀಯ ದಂಡ ಸಂಹಿತೆಯಲ್ಲಿದ್ದ ಈ ವ್ಯತ್ಯಾಸವನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ.

'ದೃಢ' ಪದ 2020ರಲ್ಲಿ ಮನೆಮನೆಯ ಮಾತಾಯಿತು. ಸೋಂಕು ದೃಢಪಟ್ಟಿದೆ ಎಂದು ಆಗ ದಿನವೂ ಓದಿದೆವು. 'ಕರ್ಕಶ' ಎಂದರೆ ಸಂಸ್ಕೃತದಲ್ಲಿ ಮುಟ್ಟಿದರೆ ಒರಟು, ಗಡಸು. ನಮ್ಮಲ್ಲಿ ಅದು ಈಗ ಕಿವಿಗಷ್ಟೇ ಸೀಮಿತ, ಕರ್ಕಶ ಹಾರ್ನಿನಂತೆ. ಇಂಗ್ಲಿಷಿನ 'ಹಾರ್ಡ್' ಪದವೂ ಇದೇ ದೂರದ ಮೂಲಕ್ಕೆ ಸೇರಿದ್ದೆಂದು ಇಂಡೋ-ಯುರೋಪಿಯನ್ ಭಾಷೆಗಳನ್ನು ಹೋಲಿಸುವವರು ಹೇಳುತ್ತಾರೆ. ಗ್ರೀಕಿನಲ್ಲಿ ಶಕ್ತಿ, ಅಧಿಕಾರ ಎಂಬ ಅರ್ಥದ 'ಕ್ರಾಟೋಸ್' ಕೂಡ ಹಾರ್ಡ್‌ನ ಬಳಗದ್ದೇ. ಅದರಿಂದಲೇ ಬಂದದ್ದು ಡೆಮಾಕ್ರಸಿ, ಜನರ ಅಧಿಕಾರ. ಪ್ರಜಾಪ್ರಭುತ್ವದ ಹೆಸರಿನಲ್ಲೂ ಒಂದು ಗಟ್ಟಿತನ ಅಡಗಿದೆ ಎಂದಾಯಿತು. ರಕ್ತನಾಳ ಗಡಸಾಗುವ ಕಾಯಿಲೆಗೆ ವೈದ್ಯರು ಹೇಳುವ 'ಅಥೆರೋಸ್ಕ್ಲೆರೋಸಿಸ್'ನಲ್ಲೂ ಎರಡು ಗ್ರೀಕ್ ಪದಗಳಿವೆ. ಮೊದಲನೆಯದು ಗಂಜಿ ಅಥವಾ ಅಂಬಲಿ, ಎರಡನೆಯದು ಗಡಸು. ನಾಳದ ಒಳಗೋಡೆಯಲ್ಲಿ ಅಂಬಲಿಯಂತೆ ಕೂತದ್ದು ಗಡಸಾಗುವುದೇ ಆ ಕಾಯಿಲೆ.

ಜಡ್ಡು ಎಲ್ಲಿಂದ ಬರುತ್ತದೆ

ಕೊನೆಯ ಪದ 'ಜಡ್ಡು'. ನೇಗಿಲು, ಗುದ್ದಲಿ, ಹಗ್ಗ ಹಿಡಿದ ಅಂಗೈಯಲ್ಲಿ ಚರ್ಮ ದಪ್ಪವಾಗಿ ಗಟ್ಟಿಯಾಗುತ್ತದಲ್ಲ, ಅದು. ಜಾಡ್ಯ ಎಂಬ ಸಂಸ್ಕೃತ ಪದಕ್ಕೆ ಹತ್ತಿರದ ಮಾತು ಇದು. ಉತ್ತರ ಕರ್ನಾಟಕದಲ್ಲಿ ಜಡ್ಡು ಎಂದರೆ ಕಾಯಿಲೆಯೇ. ಜಡ್ಡಿಗೂ ಬಲಿಯುವುದಕ್ಕೂ ವ್ಯತ್ಯಾಸವಿದೆ. ಕಾಯಿ ಬಲಿಯುವುದು ಒಳಗಿನ ಜೀವದಿಂದ. ಕೈ ಜಡ್ಡುಗಟ್ಟುವುದು ಹೊರಗಿನ ಉಜ್ಜಾಟದಿಂದ. ಜಡ್ಡುಗಟ್ಟಿದ ಜಾಗ ನೋಯುವುದಿಲ್ಲ, ನಿಜ. ಆದರೆ ಅಲ್ಲಿ ಸ್ಪರ್ಶವೂ ಕಡಿಮೆ.

ಬಾಬಾಬುಡನ್ ಗಿರಿಯ ಮಳೆ ನೆರಳಿನಲ್ಲಿರುವ ಊರುಗಳಿಗೆ ಬರಗಾಲದ ವರದಿಗೆ ಹೋದಾಗಲೆಲ್ಲ ನಾನು ಕೇಳುವ ಒಂದು ಮಾತುಂಟು: "ಬಯಲುಸೀಮೆ ಜನ ಗಟ್ಟಿ, ಹೇಗೋ ತಡ್ಕೋತಾರೆ." ನಾನೂ ಅದನ್ನು ಹೊಗಳಿಕೆ ಎಂದೇ ಬರೆದಿದ್ದೇನೆ. ಅಮೃತಮಹಲ್ ಎತ್ತುಗಳ ಬಗ್ಗೆ ಬರೆಯುವಂತೆಯೇ ಬರೆದಿದ್ದೇನೆ: ಗೊರಸು ಗಟ್ಟಿ, ಮೈಕಟ್ಟು ಗಟ್ಟಿ, ಎಷ್ಟು ದೂರ ನಡೆಸಿದರೂ ದಣಿಯುವುದಿಲ್ಲ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ರಾಸುಗಳಿಗೆ ಆ ಹೊಗಳಿಕೆ ಸಲ್ಲುತ್ತದೆ. ಆದರೆ ಆ ಎತ್ತುಗಳಿಗೂ ಮೇಯಲು ವಿಸ್ತಾರವಾದ ಕಾವಲುಗಳನ್ನು ಬಿಟ್ಟಿದ್ದರು ಎಂಬುದನ್ನು ಮರೆಯಬಾರದು. ಗಟ್ಟಿ ತಳಿ ಎಂದು ಯಾರೂ ಅವನ್ನು ಉಪವಾಸ ಕೆಡವಲಿಲ್ಲ.

ಜನರನ್ನು ಗಟ್ಟಿ ಎಂದು ಹೊಗಳಿ, ಅದೇ ಕಾರಣಕ್ಕೆ ನೀರು ಕೊಡುವುದನ್ನು ಮುಂದಕ್ಕೆ ಹಾಕಿದರೆ ಆ ಹೊಗಳಿಕೆ ಯಾರ ಉಪಯೋಗಕ್ಕೆ? ಅವರದು ಬಲಿತ ಗಟ್ಟಿತನವೋ, ಜಡ್ಡುಗಟ್ಟಿದ್ದೋ ಎಂದು ನಾವು ಕೇಳಬೇಡವೆ? ಜಡ್ಡುಗಟ್ಟುವುದು ಅವರಿಗಷ್ಟೇ ಆಗುವಂಥದ್ದೂ ಅಲ್ಲ. ಮೊದಲ ಬಾರಿ ಬತ್ತಿದ ಕೊಳವೆಬಾವಿಯ ಪಕ್ಕ ತಲೆ ಮೇಲೆ ಕೈಹೊತ್ತು ಕೂತ ರೈತನನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹತ್ತನೆಯ ಬಾರಿ ಕಂಡಾಗ ಅರ್ಧ ಗಂಟೆಯಲ್ಲಿ ವರದಿ ಮುಗಿಸಿ ಕಾಫಿಗೆ ಹೋದೆ. ನನ್ನ ಕೈಗೆ ಜಡ್ಡಿಲ್ಲ, ಪೆನ್ನು ಹಿಡಿಯುವ ಬೆರಳಿಗೂ ಇಲ್ಲ. ಅದು ಎಲ್ಲಿ ಕಟ್ಟುತ್ತಿದೆ ಎಂಬುದು ಅಂದು ಗೊತ್ತಾಯಿತು.

ಆ ಗ್ರಾಮಸಭೆಗೆ ಮರಳಿ ನನ್ನ ಮಾತು ಮುಗಿಸುತ್ತೇನೆ. "ಸ್ವಲ್ಪ ಗಟ್ಟಿಯಾಗಿ ಹೇಳಮ್ಮ" ಎಂದಾಗ ಆ ಅಜ್ಜಿ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, ಈ ಸಲ ಇಡೀ ಸಭೆಗೆ ಕೇಳುವಂತೆ ಹೇಳಿದರು. ಬೇಳೆ ಬೇಯುವುದಿಲ್ಲ ಎಂದರು. ಮೊಮ್ಮಗನ ಹಲ್ಲು ಕಂದಿದೆ ಎಂದರು. ನೀರನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಅದರಲ್ಲಿ ಏನಿದೆ ಅಂತ ನಮಗೆ ತಿಳಿಯೋ ಹಾಗೆ ಹೇಳಿ ಎಂದರು. ಅಧಿಕಾರಿ ಕಾಗದ ಕೆಳಗಿಟ್ಟು ಅದನ್ನು ಬರೆದುಕೊಂಡರು. ಫ್ಲೋರೈಡ್ ಪರೀಕ್ಷೆಗೆ ನೀರಿನ ಮಾದರಿ ಕಳಿಸಲು ಸಭೆ ಅಲ್ಲೇ ತೀರ್ಮಾನಿಸಿತು.

ಅಂದು ನನ್ನ ವರದಿಯಲ್ಲಿ 'ಗಡಸುತನ' ಎಂಬ ಪದದ ಪಕ್ಕದಲ್ಲಿ 'ಬೇಳೆ ಬೇಯದ ನೀರು' ಎಂದೂ ಬರೆದೆ. ಹಿರಿಯ ಉಪಸಂಪಾದಕರು ಅದನ್ನು ಹೊಡೆದುಹಾಕುತ್ತಾರೆ ಎಂದುಕೊಂಡಿದ್ದೆ. ಹೊಡೆಯಲಿಲ್ಲ.